ಮಲಾವಿಯಲ್ಲಿ ಕ್ಲೋರೋಕ್ವಿನ್ ಮತ್ತೆ ಫಲಿಸಿದ ಪ್ರಕರಣ

2005ರಲ್ಲಿ ಆಫ್ರಿಕಾದ ಮಲಾವಿ ದೇಶದ ಬ್ಲಾಂಟೈರ್ ನಗರದಲ್ಲಿ, ಎನ್‌ಡಿರಾಂಡೆ ಎಂಬ ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಮಲೇರಿಯಾ ಜ್ವರದಿಂದ ಬಂದ 210 ಮಕ್ಕಳನ್ನು ಒಂದು ಚಿಕಿತ್ಸಾ ಪ್ರಯೋಗಕ್ಕೆ ಸೇರಿಸಿಕೊಂಡರು. ಒಂದು ಗುಂಪಿಗೆ ಕ್ಲೋರೋಕ್ವಿನ್, ಇನ್ನೊಂದಕ್ಕೆ ಸಲ್ಫಾಡಾಕ್ಸಿನ್-ಪಿರಿಮೆಥಮಿನ್ ಎಂಬ ಜೋಡಿ ಮದ್ದು. ಯಾವ ಮಗುವಿಗೆ ಯಾವುದು ಎಂಬುದನ್ನು ವೈದ್ಯರು ಆರಿಸಲಿಲ್ಲ, ಯಾದೃಚ್ಛಿಕವಾಗಿ ಹಂಚಲಾಯಿತು. 28 ದಿನಗಳ ಕಾಲ ಮಕ್ಕಳ ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಕೊನೆಗೆ ಲೆಕ್ಕಕ್ಕೆ ಸಿಕ್ಕವರಲ್ಲಿ ಜೋಡಿ ಮದ್ದು ತೆಗೆದುಕೊಂಡ 87 ಮಕ್ಕಳ ಪೈಕಿ 71 ಮಕ್ಕಳಲ್ಲಿ ಚಿಕಿತ್ಸೆ ಸೋತಿತ್ತು. ಕ್ಲೋರೋಕ್ವಿನ್ ತೆಗೆದುಕೊಂಡ 80 ಮಕ್ಕಳಲ್ಲಿ ಅದು ಸೋತದ್ದು ಒಂದೇ ಒಂದು ಮಗುವಿನಲ್ಲಿ. ನಡುವೆ ಬಿಟ್ಟುಹೋದವರನ್ನೂ ಗಣನೆಗೆ ತೆಗೆದುಕೊಂಡು ಅಂದಾಜು ಮಾಡಿದಾಗ ಕ್ಲೋರೋಕ್ವಿನ್‌ನ ಯಶಸ್ಸು ಶೇ 99, ಜೋಡಿ ಮದ್ದಿನದು ಶೇ 21.

ಇದೇ ಕ್ಲೋರೋಕ್ವಿನ್ ಹನ್ನೆರಡು ವರ್ಷಗಳ ಹಿಂದೆ, 1993ರ ಸುಮಾರಿಗೆ, ಇದೇ ದೇಶದಲ್ಲಿ ಅರ್ಧದಷ್ಟು ರೋಗಿಗಳಲ್ಲೂ ಫಲ ಕೊಡುತ್ತಿರಲಿಲ್ಲ. ಹಾಗಾಗಿಯೇ ಮಲಾವಿ ಅದನ್ನು ಕೈಬಿಟ್ಟು ಜೋಡಿ ಮದ್ದಿಗೆ ಹೊರಳಿತ್ತು. ಈಗ ಬಿಟ್ಟದ್ದು ಗೆದ್ದಿದೆ, ಹಿಡಿದದ್ದು ಸೋತಿದೆ. ಮಾತ್ರೆಯ ರಾಸಾಯನಿಕ ರಚನೆಯಲ್ಲಿ ಒಂದು ಪರಮಾಣುವೂ ಆಚೀಚೆ ಆಗಿರಲಿಲ್ಲ. ಆ ಊರಿನ ರಕ್ತದಲ್ಲಿ ಸುತ್ತುತ್ತಿದ್ದ ಮಲೇರಿಯಾ ಪರಾವಲಂಬಿಗಳ ತಳಿಗಳು ಬೇರೆಯಾಗಿದ್ದವು.

ಈ ಪ್ರಕರಣವನ್ನು ‘ಮದ್ದು ನಿಲ್ಲಿಸಿದರೆ ರೋಗಾಣು ನಿರೋಧ ಶಕ್ತಿಯನ್ನು ಮರೆತುಬಿಡುತ್ತದೆ’ ಎಂದು ಹೇಳಿ ಮುಗಿಸುವುದು ರೂಢಿ. ಅದು ಅರ್ಧ ಸತ್ಯ, ಅಪಾಯದ ಅರ್ಧ ಸತ್ಯ. ಯಾವ ಪರಾವಲಂಬಿಯೂ ಏನನ್ನೂ ಮರೆಯಲಿಲ್ಲ. ಬೇರೆ ಯಾವುದೋ ಪರಾವಲಂಬಿಗಳು ಎಲ್ಲೋ ಉಳಿದುಕೊಂಡಿದ್ದವು, ಅವು ಮರಳಿ ಬಂದವು. ಈ ವ್ಯತ್ಯಾಸವನ್ನು ಜೀನ್‌ಗಳ ಮಟ್ಟದಲ್ಲಿ ಸಾಬೀತು ಮಾಡಿದ್ದೇ ಮಲಾವಿಯ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ.

ಸೋಲಿನ ಹಿನ್ನೆಲೆ

ಕ್ಲೋರೋಕ್ವಿನ್ ಅನ್ನು 1934ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಹಾನ್ಸ್ ಆಂಡರ್‌ಸಾಗ್ ತಯಾರಿಸಿದರು. ವಿಷಕಾರಿ ಎಂಬ ಅನುಮಾನದಿಂದ ಅದು ಕೆಲವು ಕಾಲ ಮೂಲೆ ಸೇರಿತ್ತು. ಎರಡನೇ ಮಹಾಯುದ್ಧದ ನಂತರ ಅದರ ನಿಜವಾದ ಬೆಲೆ ಗೊತ್ತಾಯಿತು: ಅಗ್ಗ, ಸುರಕ್ಷಿತ, ಮಕ್ಕಳಿಗೂ ಗರ್ಭಿಣಿಯರಿಗೂ ಕೊಡಬಹುದಾದ, ಮೂರು ದಿನದಲ್ಲಿ ಮುಗಿಯುವ ಚಿಕಿತ್ಸೆ. ಆಫ್ರಿಕಾದ ಹಳ್ಳಿಗಳಲ್ಲಿ ಅದು ಕಿರಾಣಿ ಅಂಗಡಿಯಲ್ಲೂ ಸಿಗುವ ಮಾತ್ರೆಯಾಯಿತು.

1950ರ ದಶಕದ ಕೊನೆಯಲ್ಲಿ ಥಾಯ್ಲೆಂಡ್-ಕಾಂಬೋಡಿಯಾ ಗಡಿಯಲ್ಲೂ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲೂ ಈ ಮದ್ದಿಗೆ ಬಗ್ಗದ, ಫಾಲ್ಸಿಪಾರಂ ಎಂಬ ಪರಾವಲಂಬಿ ತರುವ ಮಲೇರಿಯಾ ಕಾಣಿಸಿಕೊಂಡಿತು. ಆಫ್ರಿಕಾದ ಪೂರ್ವ ಭಾಗಕ್ಕೆ ಅದು ತಲುಪಿದ್ದು 1970ರ ದಶಕದ ಕೊನೆಗೆ. ಆಮೇಲೆ ಹತ್ತು ಹನ್ನೆರಡು ವರ್ಷಗಳಲ್ಲಿ ಖಂಡದ ಉದ್ದಗಲಕ್ಕೆ ಹಬ್ಬಿತು.

ಮಲಾವಿಯ ಮಕ್ಕಳಲ್ಲಿ ಸೋಲು ಕಣ್ಣಿಗೆ ಹೊಡೆಯುವ ಹಾಗೆ ಇರಲಿಲ್ಲ, ಅದೇ ಕಷ್ಟ. ಕ್ಲೋರೋಕ್ವಿನ್ ಕೊಟ್ಟಾಗ ಜ್ವರ ತಾತ್ಕಾಲಿಕವಾಗಿ ಇಳಿಯುತ್ತಿತ್ತು. ತಾಯಿ ಮಗುವನ್ನು ಎತ್ತಿಕೊಂಡು ಸಮಾಧಾನದಿಂದ ಮನೆಗೆ ಹೋಗುತ್ತಿದ್ದಳು. ಆದರೆ ರಕ್ತದಲ್ಲಿ ಪರಾವಲಂಬಿ ಪೂರ್ತಿ ಹೋಗಿರುತ್ತಿರಲಿಲ್ಲ. ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತಲೇ ಇದ್ದು, ವಾರಗಳ ನಂತರ ಅದೇ ಮಗು ತೀವ್ರ ರಕ್ತಹೀನತೆಯಿಂದ ಬಿಳಿಚಿಕೊಂಡು ಆಸ್ಪತ್ರೆಗೆ ಬರುತ್ತಿತ್ತು. ಜ್ವರ ಇಳಿಯಿತೇ ಎಂದಷ್ಟೇ ನೋಡುವ ಆರೋಗ್ಯ ವ್ಯವಸ್ಥೆಗೆ ಈ ಸೋಲು ಕಾಣುವುದಿಲ್ಲ. ರಕ್ತ ತೆಗೆದು, ಗಾಜಿನ ಪಟ್ಟಿಯ ಮೇಲೆ ಲೇಪಿಸಿ, ಸೂಕ್ಷ್ಮದರ್ಶಕದಲ್ಲಿ ಪರಾವಲಂಬಿ ಎಣಿಸಿದವರಿಗೆ ಮಾತ್ರ ಕಂಡಿತು. ಆ ಎಣಿಕೆಯ ಆಧಾರದ ಮೇಲೆಯೇ 1993ರಲ್ಲಿ ಮಲಾವಿ ಕ್ಲೋರೋಕ್ವಿನ್ ಬಿಟ್ಟಿತು. ಸಹಾರಾದ ದಕ್ಷಿಣಕ್ಕೆ ಅಂಥ ನಿರ್ಧಾರ ಮಾಡಿದ ಮೊದಲ ದೇಶ ಅದು. ಉಳಿದ ದೇಶಗಳು ಇನ್ನೂ ಹಿಂದೇಟು ಹಾಕುತ್ತಿದ್ದಾಗ ಬಡ ದೇಶವೊಂದು ಹೀಗೆ ಮುಂದಡಿ ಇಟ್ಟಿದ್ದನ್ನು ಮೆಚ್ಚಲೇಬೇಕು. ಕೀನ್ಯಾ 1998ರವರೆಗೆ, ತಾಂಜಾನಿಯಾ 2001ರವರೆಗೆ ಕ್ಲೋರೋಕ್ವಿನ್‌ನಲ್ಲೇ ಮುಂದುವರಿದವು.

ಒಂದೇ ಹೆಸರು, ನೂರೆಂಟು ತಳಿ

ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಎಂದು ಒಂದೇ ಹೆಸರಿನಿಂದ ಕರೆದರೂ ಒಂದು ಊರಿನ ಫಾಲ್ಸಿಪಾರಂಗಳೆಲ್ಲ ಒಂದೇ ಅಲ್ಲ. ಅದರ ಜೀನೋಮ್‌ನಲ್ಲಿ 14 ವರ್ಣತಂತುಗಳು, ಸುಮಾರು 5,300 ಜೀನ್‌ಗಳು. ಮನುಷ್ಯನ ದೇಹದಲ್ಲಿ ಇರುವಷ್ಟು ಕಾಲ ಅದರ ಬಳಿ ಪ್ರತಿ ಜೀನ್‌ನ ಒಂದೇ ಪ್ರತಿ ಇರುತ್ತದೆ. ನಮ್ಮಲ್ಲಾದರೆ ತಾಯಿಯಿಂದ ಒಂದು, ತಂದೆಯಿಂದ ಒಂದು ಬಂದಿರುತ್ತವೆ, ಒಂದು ಕೆಟ್ಟರೆ ಇನ್ನೊಂದು ಸಂಭಾಳಿಸಬಹುದು. ಪರಾವಲಂಬಿಗೆ ಆ ಅನುಕೂಲ ಇಲ್ಲ. ಜೀನ್‌ನಲ್ಲಿ ಒಂದು ಅಕ್ಷರ ತಪ್ಪಿದರೆ, ಅಂದರೆ ಮ್ಯುಟೇಶನ್ ಆದರೆ, ಅದರ ಲಾಭವೋ ನಷ್ಟವೋ ಕೂಡಲೇ ಅನುಭವಕ್ಕೆ ಬರುತ್ತದೆ.

ಗಂಡು-ಹೆಣ್ಣು ರೂಪಗಳು ಕೂಡುವುದು ಸೊಳ್ಳೆಯ ಹೊಟ್ಟೆಯಲ್ಲಿ. ಸೊಳ್ಳೆ ಹೀರಿದ ರಕ್ತದಲ್ಲಿ ಒಂದೇ ತಳಿ ಇದ್ದರೆ ಮುಂದಿನ ಪೀಳಿಗೆಯೂ ಅದೇ ತಳಿ. ಎರಡು ತಳಿಗಳಿದ್ದರೆ ಅವುಗಳ ಜೀನ್‌ಗಳು ಅದಲುಬದಲಾಗಿ ಹೊಸ ಹೊಸ ಬೆರಕೆಗಳು ಹುಟ್ಟುತ್ತವೆ. ಮಲಾವಿಯಂಥ, ಮಲೇರಿಯಾ ವರ್ಷವಿಡೀ ಕಾಡುವ ನಾಡಿನಲ್ಲಿ ಒಂದೇ ಮಗುವಿನ ರಕ್ತದಲ್ಲಿ ಏಕಕಾಲಕ್ಕೆ ಹಲವು ತಳಿಗಳು ಇರುವುದು ಸಾಮಾನ್ಯ. ಅವು ಒಂದೇ ದೇಹದೊಳಗೆ ಪರಸ್ಪರ ಪೈಪೋಟಿಯಲ್ಲಿರುತ್ತವೆ. ಈ ಪೈಪೋಟಿಯ ವಿಷಯ ಮುಂದೆ ಮತ್ತೆ ಬರುತ್ತದೆ.

ತಳಿಗಳ ಈ ವೈವಿಧ್ಯ ಸಂಶೋಧಕರಿಗೆ ಒಂದು ಸಾಧನವೂ ಹೌದು. ಚಿಕಿತ್ಸೆ ಕೊಟ್ಟು ಮೂರು ವಾರದ ನಂತರ ಮಗುವಿನ ರಕ್ತದಲ್ಲಿ ಮತ್ತೆ ಪರಾವಲಂಬಿ ಕಂಡಿತು ಎಂದುಕೊಳ್ಳಿ. ಮದ್ದಿಗೆ ಬಗ್ಗದೆ ಉಳಿದ ಹಳೆಯದೇ ಅದು, ಅಥವಾ ಬೇರೊಂದು ಸೊಳ್ಳೆ ಕಚ್ಚಿ ತಂದ ಹೊಸದೇ? ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ಥರ. ಆದರೆ ಎಂಎಸ್‌ಪಿ1, ಎಂಎಸ್‌ಪಿ2, ಗ್ಲರ್ಪ್ ಎಂಬ ಜೀನ್‌ಗಳು ತಳಿಯಿಂದ ತಳಿಗೆ ಉದ್ದದಲ್ಲಿ ಬದಲಾಗುತ್ತವೆ. ಮೊದಲ ದಿನದ ರಕ್ತವನ್ನೂ ಮರುಕಳಿಸಿದ ದಿನದ ರಕ್ತವನ್ನೂ ಪಿಸಿಆರ್ ಮಾಡಿ ಹೋಲಿಸಿದರೆ ಹಳೆಯ ತಳಿಯೋ ಹೊಸದೋ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಮಲೇರಿಯಾ ಮದ್ದಿನ ಇಂದಿನ ಪ್ರಯೋಗಗಳಲ್ಲಿ ಈ ಹೋಲಿಕೆ ಇಲ್ಲದೆ ಫಲಿತಾಂಶ ಹೇಳುವುದು ಕಷ್ಟ.

76ನೇ ಸ್ಥಾನ

ಪರಾವಲಂಬಿ ಕೆಂಪು ರಕ್ತಕಣದೊಳಗೆ ಕುಳಿತು ಹಿಮೋಗ್ಲೋಬಿನ್ ತಿನ್ನುತ್ತದೆ. ಅದನ್ನು ಅರಗಿಸಲು ಅದರೊಳಗೆ ಆಮ್ಲ ತುಂಬಿದ ಒಂದು ಚಿಕ್ಕ ಕೋಶಿಕೆ ಇದೆ. ಹಿಮೋಗ್ಲೋಬಿನ್ ಒಡೆದಾಗ ಹೀಮ್ ಎಂಬ ಕಬ್ಬಿಣಯುಕ್ತ ಭಾಗ ಬಿಡುಗಡೆಯಾಗುತ್ತದೆ. ಅದು ಪರಾವಲಂಬಿಗೇ ವಿಷ. ಹಾಗಾಗಿ ಅದನ್ನು ಹರಳುಗಟ್ಟಿಸಿ ನಿರುಪದ್ರವಿ ಮಾಡಿಕೊಳ್ಳುತ್ತದೆ. ಕ್ಲೋರೋಕ್ವಿನ್ ಆ ಆಮ್ಲೀಯ ಕೋಶಿಕೆಯೊಳಗೆ ಹೋಗಿ ಶೇಖರವಾಗಿ, ಹರಳುಗಟ್ಟುವ ಕೆಲಸವನ್ನು ತಡೆಯುತ್ತದೆ. ಪರಾವಲಂಬಿ ತನ್ನ ಊಟದ ವಿಷದಿಂದಲೇ ಸಾಯುತ್ತದೆ.

ಬಗ್ಗದ ತಳಿಗಳು ಮದ್ದನ್ನು ಆ ಕೋಶಿಕೆಯಿಂದ ಹೊರಗೆ ಸಾಗಿಸಿಬಿಡುತ್ತವೆ ಎಂಬುದು ಮೊದಲೇ ತಿಳಿದಿತ್ತು. ಯಾವ ಜೀನ್‌ನಿಂದ ಎಂಬುದನ್ನು ಹುಡುಕಲು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಥಾಮಸ್ ವೆಲೆಮ್ಸ್ ಮತ್ತು ಸಂಗಡಿಗರು ಹೊಂಡುರಾಸ್ ಮೂಲದ, ಮದ್ದಿಗೆ ಬಗ್ಗುವ ಎಚ್‌ಬಿ3 ತಳಿಯನ್ನೂ ಇಂಡೋಚೀನಾ ಮೂಲದ, ಬಗ್ಗದ ಡಿಡಿ2 ತಳಿಯನ್ನೂ ಸಂಕರ ಮಾಡಿದರು. ಮರಿ ತಳಿಗಳಲ್ಲಿ ಯಾವುದು ಬಗ್ಗುತ್ತದೆ, ಯಾವುದು ಬಗ್ಗುವುದಿಲ್ಲ ಎಂದು ನೋಡಿ, ಹುಡುಕಾಟವನ್ನು ಏಳನೇ ವರ್ಣತಂತುವಿನ ಒಂದು ಚಿಕ್ಕ ತುಂಡಿಗೆ ಇಳಿಸಿದರು. ಆ ತುಂಡಿನಲ್ಲೂ ಮೊದಲು ಸಿಕ್ಕಿದ್ದು ಬೇರೊಂದು ಜೀನ್, ಅದು ಕೈಕೊಟ್ಟಿತು. 2000ದಲ್ಲಿ ಡೇವಿಡ್ ಫಿಡಾಕ್ ಮತ್ತು ಇತರರು ಸರಿಯಾದುದನ್ನು ಪ್ರಕಟಿಸಿದರು: ಪಿಎಫ್‌ಸಿಆರ್‌ಟಿ. ಈ ಜೀನ್‌ನಿಂದ ತಯಾರಾಗುವ, 424 ಅಮೈನೋ ಆಮ್ಲಗಳ ಪ್ರೋಟೀನ್ ಆ ಅರಗಿಸುವ ಕೋಶಿಕೆಯ ಪೊರೆಯಲ್ಲಿ ಕೂತಿರುತ್ತದೆ. ಅದರ 76ನೇ ಸ್ಥಾನದಲ್ಲಿ ಲೈಸಿನ್ ಇದ್ದರೆ ಕ್ಲೋರೋಕ್ವಿನ್ ಒಳಗೇ ಉಳಿಯುತ್ತದೆ, ಥ್ರಿಯೋನಿನ್ ಇದ್ದರೆ ಹೊರಗೆ ಹೋಗುತ್ತದೆ. 76ರ ಬದಲಾವಣೆ ಒಂಟಿಯಾಗಿ ಇರುವುದಿಲ್ಲ, ಅದೇ ಜೀನ್‌ನ ಇನ್ನೂ ಕೆಲವು ಸ್ಥಾನಗಳ ಬದಲಾವಣೆಗಳು ಜೊತೆಯಲ್ಲಿ ಇರುತ್ತವೆ. ಆದರೂ ಗುರುತು ಹಿಡಿಯಲು 76 ಸಾಕು.

ಈ ಗುರುತು ಸಿಕ್ಕಿದ್ದರಿಂದ ಕೆಲಸದ ರೀತಿಯೇ ಬದಲಾಯಿತು. ಒಂದು ತಳಿ ಮದ್ದಿಗೆ ಬಗ್ಗುತ್ತದೆಯೇ ಎಂದು ತಿಳಿಯಲು ಇನ್ನು ರೋಗಿಯನ್ನು ನಾಲ್ಕು ವಾರ ಹಿಂಬಾಲಿಸಬೇಕಾಗಿಲ್ಲ. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಶೋಧಕ ಕಾಗದದ ಮೇಲೆ ಒಣಗಿಸಿಟ್ಟರೆ ವರ್ಷಗಳ ನಂತರವೂ ಅದರಿಂದ ಡಿಎನ್‌ಎ ತೆಗೆದು 76ನೇ ಸ್ಥಾನವನ್ನು ಓದಬಹುದು. ಹಳೆಯ ಮಾದರಿಗಳನ್ನು ಎಸೆಯದೆ ಇಟ್ಟುಕೊಂಡವರಿಗೆ ಭೂತಕಾಲವನ್ನೇ ಓದುವ ಅವಕಾಶ ಸಿಕ್ಕಿತು.

ಎಂಬತ್ತೈದರಿಂದ ಸೊನ್ನೆಗೆ

ಬ್ಲಾಂಟೈರ್‌ನಲ್ಲಿ ಹಾಗೆಯೇ ಆಯಿತು. 1992ರ, ಅಂದರೆ ಕ್ಲೋರೋಕ್ವಿನ್ ಇನ್ನೂ ಬಳಕೆಯಲ್ಲಿದ್ದ ಕಾಲದ ಮಾದರಿಗಳಲ್ಲಿ ಬಗ್ಗದ ಗುರುತು ಶೇ 85ರಷ್ಟಿತ್ತು. 2000ದ ಮಾದರಿಗಳಲ್ಲಿ ಶೇ 13. 2001ರ ಹೊತ್ತಿಗೆ ಅದು ಪತ್ತೆಯೇ ಆಗಲಿಲ್ಲ. ಗುರುತು ಮಾಯವಾಗಿದೆ ಎಂದ ಮಾತ್ರಕ್ಕೆ ಜ್ವರದಲ್ಲಿರುವ ಮಕ್ಕಳಿಗೆ ಕ್ಲೋರೋಕ್ವಿನ್ ಕೊಡಲು ಯಾರಿಗೂ ಧೈರ್ಯ ಬರುವುದಿಲ್ಲ, ಬರಲೂಬಾರದು. ಮೊದಲು ರೋಗಲಕ್ಷಣ ಇಲ್ಲದೆ ರಕ್ತದಲ್ಲಿ ಪರಾವಲಂಬಿ ಇಟ್ಟುಕೊಂಡಿದ್ದವರಲ್ಲಿ ಪರೀಕ್ಷಿಸಿದರು. 63 ಸೋಂಕುಗಳಿಗೆ 63ನ್ನೂ ಕ್ಲೋರೋಕ್ವಿನ್ ಸ್ವಚ್ಛ ಮಾಡಿತು. ಅದರ ನಂತರವೇ ಮಿರಿಯಂ ಲಾಫರ್, ಟೆರ್ರಿ ಟೇಲರ್, ಕ್ರಿಸ್ಟೋಫರ್ ಪ್ಲೋವ್ ಮತ್ತು ಮಲಾವಿಯ ಸಹೋದ್ಯೋಗಿಗಳು 2005ರ ಪ್ರಯೋಗಕ್ಕೆ ಇಳಿದದ್ದು. ಒಂದೊಂದೇ ಮೆಟ್ಟಿಲು ಇಳಿದ ಈ ಕ್ರಮ ಅನುಕರಣೀಯ. ಆ ಪ್ರಯೋಗದಲ್ಲಿ ಕ್ಲೋರೋಕ್ವಿನ್ ತೆಗೆದುಕೊಂಡ ಮಕ್ಕಳ ಜ್ವರ ಸರಾಸರಿ 10.3 ಗಂಟೆಗಳಲ್ಲಿ ಇಳಿದಿತ್ತು, ರಕ್ತ ಸರಾಸರಿ 2.6 ದಿನಗಳಲ್ಲಿ ಸ್ವಚ್ಛವಾಗಿತ್ತು.

ಮರಳಿ ಬಂದವರು ಯಾರು?

ಇಲ್ಲಿಂದ ಮುಂದಿನದು ಪತ್ತೇದಾರಿ ಕೆಲಸ. ಬಗ್ಗುವ ತಳಿಗಳು ಮರಳಲು ಎರಡು ದಾರಿಗಳಿದ್ದವು. ಒಂದು: ಬಗ್ಗದ ತಳಿಗಳಲ್ಲೇ 76ನೇ ಸ್ಥಾನದ ಥ್ರಿಯೋನಿನ್ ಮತ್ತೊಂದು ಮ್ಯುಟೇಶನ್‌ನಿಂದ ಲೈಸಿನ್ ಆಗಿ ಹಿಂದಿರುಗಿರಬಹುದು. ಎರಡು: 1992ರಲ್ಲೂ ಶೇ 15ರಷ್ಟು ಉಳಿದಿದ್ದ, ಎಂದೂ ಬದಲಾಗದ ಮೂಲ ತಳಿಗಳು ಹೆಚ್ಚಿಕೊಂಡು ಊರು ತುಂಬಿರಬಹುದು. 76ನೇ ಸ್ಥಾನ ಮಾತ್ರ ಓದಿದರೆ ಎರಡೂ ಒಂದೇ ಹಾಗೆ ಕಾಣುತ್ತವೆ. ಬೇರ್ಪಡಿಸಲು ಅದರ ಅಕ್ಕಪಕ್ಕ ನೋಡಬೇಕು.

ಬಗ್ಗದ ತಳಿ ಮೊದಲು ಹುಟ್ಟಿದಾಗ ಆ ಜೀನ್ ಯಾವುದೋ ಒಂದು ಪರಾವಲಂಬಿಯ ಏಳನೇ ವರ್ಣತಂತುವಿನ ಮೇಲೆ ಕೂತಿತ್ತು. ಮದ್ದಿನ ಒತ್ತಡದಲ್ಲಿ ಆ ಪರಾವಲಂಬಿಯ ಸಂತಾನ ಬಹು ವೇಗವಾಗಿ ಹಬ್ಬಿದಾಗ, ಜೀನ್‌ನ ಆಚೀಚೆ ಇದ್ದ ಡಿಎನ್‌ಎ ಕೂಡ ಜೊತೆಯಲ್ಲೇ ಹಬ್ಬಿತು, ಅದರಿಂದ ಯಾವ ಲಾಭವೂ ಇಲ್ಲದಿದ್ದರೂ. ಹೀಗಾಗಿ ಬಗ್ಗದ ತಳಿಗಳಲ್ಲಿ ಆ ಜೀನ್‌ನ ಸುತ್ತಮುತ್ತ ವೈವಿಧ್ಯವೇ ಇಲ್ಲ, ಎಲ್ಲದರಲ್ಲೂ ಒಂದೇ ಪಾಠ. 2002ರಲ್ಲಿ ಪ್ರಕಟವಾದ ಜಾಗತಿಕ ಹೋಲಿಕೆಯೊಂದು ಇದನ್ನೇ ಬಳಸಿ, ಕ್ಲೋರೋಕ್ವಿನ್‌ಗೆ ಬಗ್ಗದ ತಳಿ ಇಡೀ ಜಗತ್ತಿನಲ್ಲಿ ಕನಿಷ್ಠ ನಾಲ್ಕು ಕಡೆ ಸ್ವತಂತ್ರವಾಗಿ ಹುಟ್ಟಿದೆ ಎಂದು ತೋರಿಸಿತು. ಆಫ್ರಿಕಾದಲ್ಲಿ ಹಬ್ಬಿದ್ದು ಏಷ್ಯಾದಿಂದ ಬಂದದ್ದು. ಮಲಾವಿಯ ಮಕ್ಕಳನ್ನು ಕಾಡಿದ ಜೀನ್‌ನ ತವರು ಆಗ್ನೇಯ ಏಷ್ಯಾ.

ಈಗ ಪ್ರಶ್ನೆ ಸರಳವಾಯಿತು. ಬಗ್ಗದ ತಳಿಯೇ ಹಿಂದಕ್ಕೆ ತಿರುಗಿದ್ದರೆ, ಅದರ ಜೀನ್‌ನ ಅಕ್ಕಪಕ್ಕದಲ್ಲಿ ಆ ಏಷ್ಯಾ ಮೂಲದ ಏಕರೂಪದ ಪಾಠವೇ ಉಳಿದಿರಬೇಕು. ಮೂಲ ತಳಿಗಳು ಹೆಚ್ಚಿದ್ದರೆ ಅಕ್ಕಪಕ್ಕದಲ್ಲಿ ಹಳೆಯ ಆಫ್ರಿಕಾದ ವೈವಿಧ್ಯ ಕಾಣಬೇಕು. ಜಪಾನಿನ ತೋಶಿಹಿರೋ ಮಿತಾ ಮತ್ತು ಸಂಗಡಿಗರು 2004ರಲ್ಲೇ, ಇದು ಮೂಲ ತಳಿಗಳ ವಿಸ್ತರಣೆ ಎಂದು ತೋರಿಸಿದ್ದರು. 2010ರಲ್ಲಿ ಲಾಫರ್ ತಂಡ ಬ್ಲಾಂಟೈರ್‌ನ 1992ರ ಮತ್ತು 2005ರ ಮಾದರಿಗಳನ್ನು ಎದುರುಬದುರಾಗಿಟ್ಟು, ಪಿಎಫ್‌ಸಿಆರ್‌ಟಿಯ ಎಡಬಲದ ಮೈಕ್ರೋಸ್ಯಾಟಲೈಟ್ ಎಂಬ ಡಿಎನ್‌ಎ ಗುರುತುಗಳನ್ನು ಓದಿತು. 1992ರ ಬಗ್ಗದ ತಳಿಗಳಲ್ಲಿ ವೈವಿಧ್ಯ ತೀರಾ ಕಡಿಮೆ. 1992ರ ಬಗ್ಗುವ ತಳಿಗಳಲ್ಲಿ ಧಾರಾಳ ವೈವಿಧ್ಯ. 2005ರ ಬಗ್ಗುವ ತಳಿಗಳಲ್ಲೂ ಅಷ್ಟೇ ಧಾರಾಳ ವೈವಿಧ್ಯ. ಯಾವುದೋ ಒಂದು ತಳಿ ಗೆದ್ದು ಊರು ತುಂಬಿದ್ದಲ್ಲ, ಉಳಿದುಕೊಂಡಿದ್ದ ನಾನಾ ತಳಿಗಳು ಒಟ್ಟಿಗೆ ಹೆಚ್ಚಿಕೊಂಡಿದ್ದವು.

ಸಂಕರ ಬೀಜ ಬಂದು ಊರ ಹೊಲಗಳನ್ನೆಲ್ಲ ಆವರಿಸಿದ ಮೇಲೂ ಯಾರೋ ಕೆಲವರು ಗುಡಾಣದಲ್ಲಿ ನಾಟಿ ರಾಗಿ ಉಳಿಸಿಕೊಂಡಿದ್ದರೆ, ಸಂಕರ ಬೀಜ ನಿಂತ ವರ್ಷ ಆ ಹಲವು ಬಗೆಯ ನಾಟಿ ರಾಗಿಯೇ ಮತ್ತೆ ಹೊಲಕ್ಕೆ ಇಳಿಯುತ್ತದೆ. ಮಲಾವಿಯಲ್ಲಿ ಆ ಉಳಿಕೆ ಇತ್ತು. ಶೇ 85ಕ್ಕೆ ನಿಲ್ಲಿಸಿದ್ದರಿಂದ ಇತ್ತು. ಶೇ 100 ಆಗುವವರೆಗೆ ಕ್ಲೋರೋಕ್ವಿನ್ ಕೊಡುತ್ತಲೇ ಹೋಗಿದ್ದರೆ ಮರಳಲು ಯಾರೂ ಇರುತ್ತಿರಲಿಲ್ಲ.

ಬಗ್ಗದ ತಳಿ ಸೋತದ್ದೇಕೆ?

ಮದ್ದು ಇಲ್ಲದಾಗ ಎರಡೂ ತಳಿಗಳು ಸಮಬಲದವಾಗಿದ್ದರೆ 85-15ರ ಅನುಪಾತ ಹಾಗೇ ಉಳಿಯಬೇಕಿತ್ತು. ಎಂಟೊಂಬತ್ತು ವರ್ಷಗಳಲ್ಲಿ ಅದು ತಲೆಕೆಳಗಾಯಿತು ಎಂದರೆ ಬಗ್ಗದ ತಳಿ ಏನೋ ಬೆಲೆ ತೆರುತ್ತಿತ್ತು. ಆ ಬೆಲೆ ಪಿಎಫ್‌ಸಿಆರ್‌ಟಿಯ ನಿಜವಾದ ಕೆಲಸದಲ್ಲೇ ಇದೆ. ಈ ಪ್ರೋಟೀನ್ ಇರುವುದು ಕ್ಲೋರೋಕ್ವಿನ್ ಸಾಗಿಸಲು ಅಲ್ಲ. ಹಿಮೋಗ್ಲೋಬಿನ್ ಅರಗಿದಾಗ ಬರುವ ಪೆಪ್ಟೈಡ್ ಚೂರುಗಳನ್ನು ಕೋಶಿಕೆಯಿಂದ ಹೊರತರುವುದು ಅದರ ಸಹಜ ಕಸುಬು ಎಂದು 2020ರ ಅಧ್ಯಯನವೊಂದು ತೋರಿಸಿದೆ. ಮದ್ದನ್ನು ಹೊರಹಾಕುವಂತೆ ಆಕಾರ ಬದಲಿಸಿಕೊಂಡಾಗ ಆ ಸಹಜ ಕಸುಬು ಕುಂಠಿತವಾಗುತ್ತದೆ. ಆಹಾರ ಸರಿಯಾಗಿ ಒದಗದ ಪರಾವಲಂಬಿ ನಿಧಾನವಾಗಿ ಬೆಳೆಯುತ್ತದೆ.

ಒಂದು ದೇಹದಲ್ಲಿ ಒಂದೇ ತಳಿ ಇದ್ದರೆ ಈ ನಿಧಾನ ಅಷ್ಟು ದೊಡ್ಡದಾಗುವುದಿಲ್ಲ. ಮಲಾವಿಯ ಮಗುವಿನ ರಕ್ತದಲ್ಲಿ ಹಲವು ತಳಿಗಳು ಒಟ್ಟಿಗೆ ಇರುತ್ತವೆ ಎಂದೆನಲ್ಲ, ಅಲ್ಲಿ ಸ್ವಲ್ಪ ನಿಧಾನವಾದರೂ ಸೊಳ್ಳೆಗೆ ದಾಟುವ ಅವಕಾಶ ತಪ್ಪುತ್ತದೆ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ಇದರ ಸಣ್ಣ ರೂಪವೊಂದು ಪ್ರತಿವರ್ಷ ನಡೆಯುತ್ತಿತ್ತು: ಮಳೆ ನಿಂತು ಜ್ವರವೂ ಮಾತ್ರೆಯೂ ಕಡಿಮೆಯಾಗುವ ಒಣ ತಿಂಗಳುಗಳಲ್ಲಿ ಬಗ್ಗದ ಗುರುತಿನ ಪ್ರಮಾಣ ಇಳಿಯುತ್ತಿತ್ತು.

ಆದರೆ ಇದೇ ತರ್ಕವನ್ನು ಎಲ್ಲ ಮದ್ದುಗಳಿಗೂ ಹಚ್ಚಲಾಗದು. ಮಲಾವಿಯಲ್ಲೇ ಅದಕ್ಕೆ ಸಾಕ್ಷಿಯಿದೆ. ಜೋಡಿ ಮದ್ದು ಸಲ್ಫಾಡಾಕ್ಸಿನ್-ಪಿರಿಮೆಥಮಿನ್‌ಗೆ ಬಗ್ಗದಿರುವಿಕೆ ಎರಡು ಜೀನ್‌ಗಳಿಂದ ಬರುತ್ತದೆ: ಡಿಎಚ್‌ಎಫ್‌ಆರ್‌ನಲ್ಲಿ ಮೂರು, ಡಿಎಚ್‌ಪಿಎಸ್‌ನಲ್ಲಿ ಎರಡು ಬದಲಾವಣೆಗಳು. ಐದೂ ಸೇರಿದ ತಳಿ ಮಲಾವಿಯಲ್ಲಿ ಪ್ರಬಲವಾಯಿತು, 2005ರ ಶೇ 21 ಅದರದೇ ಫಲ. 2007ರಲ್ಲಿ ಮಲಾವಿ ಜೋಡಿ ಮದ್ದನ್ನೂ ಬಿಟ್ಟು ಆರ್ಟಿಮೀಥರ್-ಲ್ಯೂಮಿಫ್ಯಾಂಟ್ರಿನ್ ಹಿಡಿಯಿತು. ಕ್ಲೋರೋಕ್ವಿನ್‌ನ ಹಾಗೆ ಜೋಡಿ ಮದ್ದೂ ಕೆಲವು ವರ್ಷಗಳಲ್ಲಿ ಚಿಗುರುತ್ತದೆ ಎಂದು ಕಾದವರಿಗೆ ನಿರಾಶೆಯಾಯಿತು. ಐದು ಬದಲಾವಣೆಗಳ ತಳಿ ಅಲ್ಲಾಡಲಿಲ್ಲ. ಗರ್ಭಿಣಿಯರಿಗೆ ಮಲೇರಿಯಾ ತಡೆಗೆ ಈ ಜೋಡಿ ಮದ್ದನ್ನು ಕೊಡುವುದು ನಿಂತಿರಲಿಲ್ಲ, ಎಚ್‌ಐವಿ ಇರುವವರಿಗೆ ಕೊಡುವ ಕೋಟ್ರೈಮೊಕ್ಸಜೋಲ್ ಕೂಡ ಇದೇ ಬಗೆಯದು, ಹಾಗಾಗಿ ಒತ್ತಡ ಪೂರ್ತಿ ಹೋಗಲೇ ಇಲ್ಲ. ಜೊತೆಗೆ ಈ ಬದಲಾವಣೆಗಳಿಂದ ಪರಾವಲಂಬಿ ತೆರುವ ಬೆಲೆಯೂ ಕಡಿಮೆ ಇರುವಂತಿದೆ. ಒಂದೇ ಊರು, ಒಂದೇ ಪರಾವಲಂಬಿ, ಎರಡು ಮದ್ದುಗಳಿಗೆ ಎರಡು ವಿಧಿ.

ಉಳಿಕೆ ಇಲ್ಲದ ನಾಡುಗಳು

ದಕ್ಷಿಣ ಅಮೆರಿಕದಲ್ಲಿ ಕ್ಲೋರೋಕ್ವಿನ್‌ಗೆ ಬಗ್ಗದ ತಳಿಯೇ ಸಂಪೂರ್ಣವಾಗಿ ನೆಲೆಯೂರಿತ್ತು. ಮೂಲ ತಳಿ ಉಳಿದಿರಲಿಲ್ಲ. ಫ್ರೆಂಚ್ ಗಯಾನಾದಲ್ಲಿ 1995ರಲ್ಲಿ ಫಾಲ್ಸಿಪಾರಂಗೆ ಕ್ಲೋರೋಕ್ವಿನ್ ನಿಲ್ಲಿಸಿದಾಗ ಮಲಾವಿಯ ದಾರಿ ಅಲ್ಲಿ ಮುಚ್ಚಿತ್ತು. ಆದರೂ ವರ್ಷಗಳ ನಂತರ ಅಲ್ಲಿನ ಬಹಳಷ್ಟು ಪರಾವಲಂಬಿಗಳು ಕ್ಲೋರೋಕ್ವಿನ್‌ಗೆ ಬಗ್ಗತೊಡಗಿದವು. 76ರಲ್ಲಿ ಥ್ರಿಯೋನಿನ್ ಹಾಗೇ ಇತ್ತು. ಅದೇ ಪ್ರೋಟೀನ್‌ನ 350ನೇ ಸ್ಥಾನದಲ್ಲಿ ಸಿಸ್ಟೀನ್ ಹೋಗಿ ಆರ್ಜಿನಿನ್ ಬಂದಿತ್ತು, ಆ ಒಂದು ಹೊಸ ಬದಲಾವಣೆ ಮದ್ದು ಸಾಗಿಸುವ ಶಕ್ತಿಯನ್ನು ಕಸಿದಿತ್ತು. 76 ಮಾತ್ರ ಓದುವ ಪ್ರಯೋಗಾಲಯ ಅಲ್ಲಿನ ತಳಿಗಳನ್ನು ಬಗ್ಗದವು ಎಂದೇ ಬರೆದುಕೊಳ್ಳುತ್ತಿತ್ತು. ಒಂದು ನಾಡಿನ ಗುರುತು ಇನ್ನೊಂದು ನಾಡಿಗೆ ಹೊಂದುತ್ತದೆ ಎಂದು ನಂಬುವಂತಿಲ್ಲ.

ಭಾರತದ ಸ್ಥಿತಿ ಮೂರನೆಯ ಬಗೆಯದು. ಇಲ್ಲಿ ಕ್ಲೋರೋಕ್ವಿನ್‌ಗೆ ಬಗ್ಗದ ಫಾಲ್ಸಿಪಾರಂ ಮೊದಲು ವರದಿಯಾದದ್ದು 1973ರಲ್ಲಿ, ಅಸ್ಸಾಂನಿಂದ. 2010ರಲ್ಲಿ ದೇಶದಾದ್ಯಂತ ಫಾಲ್ಸಿಪಾರಂಗೆ ಆರ್ಟಿಸುನೇಟ್ ಆಧಾರಿತ ಚಿಕಿತ್ಸೆ ಬಂತು. ಆದರೆ ಕ್ಲೋರೋಕ್ವಿನ್ ಹೋಗಲಿಲ್ಲ, ಹೋಗುವಂತೆಯೂ ಇರಲಿಲ್ಲ. ಮಂಗಳೂರಿನ ಮಲೇರಿಯಾ ಕಂಡವರಿಗೆ ಇದು ಗೊತ್ತು: ಅಲ್ಲಿ ಹೆಚ್ಚಿನದು ವೈವಾಕ್ಸ್ ಎಂಬ ಇನ್ನೊಂದು ಪರಾವಲಂಬಿ ತರುವ ಮಲೇರಿಯಾ, ಅದಕ್ಕೆ ಇಂದಿಗೂ ಮೂರು ದಿನ ಕ್ಲೋರೋಕ್ವಿನ್, 14 ದಿನ ಪ್ರಿಮಾಕ್ವಿನ್. ವೈವಾಕ್ಸ್‌ಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಎರಡೂ ಪರಾವಲಂಬಿಗಳು ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ದೇಹದಲ್ಲಿ ಇರುವುದರಿಂದ, ವೈವಾಕ್ಸ್‌ಗೆ ಕೊಟ್ಟ ಕ್ಲೋರೋಕ್ವಿನ್ ಫಾಲ್ಸಿಪಾರಂ ಮೇಲೂ ಬೀಳುತ್ತದೆ. ಮಲಾವಿಯಲ್ಲಿ ವೈವಾಕ್ಸ್‌ನ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಮದ್ದು ನಿಲ್ಲಿಸಿದಾಗ ನಿಜಕ್ಕೂ ನಿಂತಿತು, ಇಲ್ಲಿ ಅಷ್ಟು ಪೂರ್ತಿಯಾಗಿ ನಿಲ್ಲಿಸುವುದು ಸಾಧ್ಯವಿಲ್ಲ. ಹಾಗಾಗಿ ಮಲಾವಿಯ ಅಂಕಿಗಳನ್ನು ತೋರಿಸಿ ‘ನಮ್ಮಲ್ಲೂ ಹೀಗೇ ಆಗುತ್ತದೆ’ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಗೆದ್ದ ಮದ್ದನ್ನು ಮರಳಿ ತಂದರೇ?

ಶೇ 99 ಫಲ ಕಂಡ ಮೇಲೂ ಮಲಾವಿ ಕ್ಲೋರೋಕ್ವಿನ್ ಅನ್ನು ಫಾಲ್ಸಿಪಾರಂ ಚಿಕಿತ್ಸೆಗೆ ಮರಳಿ ತರಲಿಲ್ಲ. 2007ರಲ್ಲಿ ಆರಿಸಿದ್ದು ಆರ್ಟಿಮೀಥರ್-ಲ್ಯೂಮಿಫ್ಯಾಂಟ್ರಿನ್. ಹೊರಗಿನವರಿಗೆ ಇದು ವಿಚಿತ್ರ ಎನ್ನಿಸಬಹುದು, ನನಗೆ ಇದು ಇಡೀ ಪ್ರಕರಣದ ಅತ್ಯಂತ ವಿವೇಕದ ನಡೆ ಎನ್ನಿಸುತ್ತದೆ. ಬಗ್ಗದ ತಳಿ ಬ್ಲಾಂಟೈರ್‌ನಲ್ಲಿ ಮಾಯವಾಗಿತ್ತು, ಭೂಮಿಯಿಂದ ಅಲ್ಲ. ಗಡಿಯಾಚೆಯ ದೇಶಗಳಲ್ಲಿ ಅದು ಇನ್ನೂ ಇತ್ತು, ಬಸ್ಸಿನಲ್ಲಿ ಬರುವ ಪ್ರಯಾಣಿಕನ ರಕ್ತದಲ್ಲಿ ಬರಲು ವೀಸಾ ಬೇಡ. ಒಂಟಿಯಾಗಿ ಕ್ಲೋರೋಕ್ವಿನ್ ಕೊಡತೊಡಗಿದರೆ ಹಾಗೆ ಬಂದ ಒಂದೆರಡು ತಳಿಗಳಿಗೇ ಮತ್ತೆ ಮೊದಲಿನ ಲಾಭ. ಆ ಜೀನ್ ಸೊಳ್ಳೆಯೊಳಗಿನ ಬೆರಕೆಯಲ್ಲಿ ಸ್ಥಳೀಯ ತಳಿಗಳಿಗೂ ಸೇರಿಕೊಳ್ಳುತ್ತದೆ.

ಇನ್ನೊಂದು ಸಂಗತಿ ಆಮೇಲೆ ಗೊತ್ತಾಯಿತು. ಲ್ಯೂಮಿಫ್ಯಾಂಟ್ರಿನ್ ತನ್ನಷ್ಟಕ್ಕೇ 76ರಲ್ಲಿ ಲೈಸಿನ್ ಇರುವ ತಳಿಗಳಿಗೆ ಸ್ವಲ್ಪ ಅನುಕೂಲ ಮಾಡಿಕೊಡುತ್ತದೆ, ಅಂದರೆ ಕ್ಲೋರೋಕ್ವಿನ್‌ಗೆ ಬಗ್ಗುವ ತಳಿಗಳ ಕಡೆಗೇ ತಕ್ಕಡಿ ಒಲಿಸುತ್ತದೆ. ಇದಕ್ಕೆ ವಿರುದ್ಧವಾಗಿ, ಕ್ಲೋರೋಕ್ವಿನ್‌ನ ಹತ್ತಿರದ ಸಂಬಂಧಿ ಅಮೋಡಿಯಾಕ್ವಿನ್ ಥ್ರಿಯೋನಿನ್ ಕಡೆಗೆ ಒಲಿಸುತ್ತದೆ. ಆಫ್ರಿಕಾದ ಬೇರೆ ಬೇರೆ ದೇಶಗಳಲ್ಲಿ ಬಗ್ಗುವ ತಳಿ ಮರಳಿದ ವೇಗ ಬೇರೆ ಬೇರೆಯಾಗಲು, ಅವು ಕ್ಲೋರೋಕ್ವಿನ್ ಬಿಟ್ಟ ಮೇಲೆ ಯಾವ ಮದ್ದು ಹಿಡಿದವು ಎಂಬುದೂ ಒಂದು ಕಾರಣ.

ಈಗ ರುವಾಂಡಾ, ಉಗಾಂಡಾ, ಎರಿಟ್ರಿಯಾಗಳಲ್ಲಿ, ಆರ್ಟಿಮೀಥರ್, ಆರ್ಟಿಸುನೇಟ್‌ಗಳ ಮೂಲವಾದ ಆರ್ಟಿಮಿಸಿನಿನ್‌ಗೇ ನಿಧಾನವಾಗಿ ಬಗ್ಗುವ ತಳಿಗಳು ಕಂಡಿವೆ. ಅಲ್ಲಿ ಬದಲಾಗಿರುವುದು ಕೆಲ್ಚ್13 ಎಂಬ ಬೇರೊಂದು ಜೀನ್, 13ನೇ ವರ್ಣತಂತುವಿನ ಮೇಲಿನದು. ಕ್ಲೋರೋಕ್ವಿನ್‌ಗೆ ಬಗ್ಗದಿರುವಿಕೆ ಆಫ್ರಿಕಾಕ್ಕೆ ಏಷ್ಯಾದಿಂದ ಬಂದಿತ್ತು, ಇದು ಆಫ್ರಿಕಾದೊಳಗೇ ಹುಟ್ಟಿದ್ದು. ಹೀಗಿರುವಾಗ ಹಳೆಯ ಕ್ಲೋರೋಕ್ವಿನ್ ಮತ್ತೆ ಮಾತಿಗೆ ಬರುತ್ತಿದೆ. ತಂದರೆ ಒಂಟಿಯಾಗಿ ತರಬಾರದು, ಜೊತೆಗೆ ಬೇರೆ ಬಗೆಯ ಮದ್ದೊಂದು ಇರಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯ ಕಡಿಮೆ. ಆರ್ಟಿಸುನೇಟ್, ಅಜಿಥ್ರೋಮೈಸಿನ್, ಅಟೊವಾಕ್ವೋನ್-ಪ್ರೊಗ್ವಾನಿಲ್ ಇವುಗಳ ಜೊತೆ ಕ್ಲೋರೋಕ್ವಿನ್ ಅನ್ನು ಸೇರಿಸಿ ಬ್ಲಾಂಟೈರ್‌ನ ಮಕ್ಕಳಲ್ಲೇ ಪರೀಕ್ಷಿಸಿದ್ದಾರೆ. ಯಾವ ಜೋಡಿಯೂ ಇನ್ನೂ ಚಿಕಿತ್ಸಾ ಪಟ್ಟಿಗೆ ಸೇರಿಲ್ಲ.